ಲಿವರ್ ಸ್ಯಾಂಪಲ್‌ನ ಪ್ರೋಟೀನ್ ಯಾಕೆ ಹಾಳಾಗುತ್ತಿದೆ?

ಪ್ರಶ್ನೆ: ನಾನು ಬಯೋಕೆಮಿಸ್ಟ್ರಿ ಎಂ.ಎಸ್ಸಿ. ವಿದ್ಯಾರ್ಥಿನಿ. ಇಲಿಯ ಲಿವರ್‌ನಿಂದ ಪ್ರೋಟೀನ್ ತೆಗೆದು, ಎಲ್ಲವನ್ನೂ ಒಂದೇ ಟ್ಯೂಬ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಮೊದಲ ವೆಸ್ಟರ್ನ್ ಬ್ಲಾಟ್‌ನಲ್ಲೇ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದ್ದನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಕೆಳಗಡೆ, ಅಂದರೆ ಸಣ್ಣ ಗಾತ್ರದ ಕಡೆ, ಬೇಡದ ಬ್ಯಾಂಡ್‌ಗಳು ಬಂದವು. ಮೂರನೇ ಸಲ ಕರಗಿಸಿ ನೋಡಿದಾಗ ಬೇಕಾದ ಬ್ಯಾಂಡೇ ಮಸುಕಾಗಿತ್ತು. ಬಫರ್‌ಗೆ ಪಿಎಂಎಸ್‌ಎಫ್ (ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಎಂಜೈಮ್‌ಗಳನ್ನು ತಡೆಯುವ ರಾಸಾಯನಿಕ) ಹಾಕಿದ್ದೆ. ತಪ್ಪು ಎಲ್ಲಿ?

ಉತ್ತರ: ಆಂಟಿಬಾಡಿ ಬೇರೆ ಪ್ರೋಟೀನ್‌ಗೂ ಅಂಟುತ್ತಿರಬಹುದು. ಆದರೆ ಮುಖ್ಯ ಬ್ಯಾಂಡೂ ಮಸುಕಾಗುತ್ತಾ ಹೋಗಿದೆ ಅಲ್ವಾ? ಹಾಗಾಗಿ ನನಗೆ ಅನುಮಾನ ಪ್ರೋಟಿಯೇಸ್‌ಗಳ ಮೇಲೆ. ಕೆಲಸ ಕೆಡಲು ಶುರುವಾಗಿದ್ದು ಫ್ರೀಝರ್‌ನಲ್ಲಲ್ಲ, ಅದಕ್ಕೂ ಮುಂಚೆ.

ಪಿಎಂಎಸ್‌ಎಫ್ ಯಾವಾಗ ಹಾಕಿದಿರಿ? ಬೆಳಿಗ್ಗೆ ಹಾಕಿ ಮಧ್ಯಾಹ್ನ ಬಳಸಿದ್ದರೆ ಹಾಕದೇ ಇದ್ದ ಹಾಗೆಯೇ. ನೀರಿನಲ್ಲಿ ಅದು ನಿಲ್ಲುವುದಿಲ್ಲ. ಪಿಎಚ್ 8, 25 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆಗೆ ಅರ್ಧದಷ್ಟು ಹೋಗಿರುತ್ತದೆ. ಐಸೊಪ್ರೊಪನಾಲ್‌ನಲ್ಲಿ ಸ್ಟಾಕ್ ಮಾಡಿಟ್ಟು, ಅಂಗಾಂಶಕ್ಕೆ ಬಫರ್ ಸುರಿಯುವ ಮುನ್ನ 1 ಮಿಲಿಮೋಲಾರ್ ಆಗುವಷ್ಟು ಹಾಕಿ. ಅದು ವಿಷ, ಗ್ಲೌಸ್ ಮರೆಯಬೇಡಿ. ಇನ್ನೊಂದು ಮಾತು: ಅದು ಮುಖ್ಯವಾಗಿ ತಡೆಯುವುದು ಸೆರೀನ್ ಪ್ರೋಟಿಯೇಸ್‌ಗಳನ್ನು. ಲಿವರ್ ಕೋಶ ಒಡೆದಾಗ ಅದರೊಳಗಿನ ಲೈಸೋಸೋಮ್ ಎಂಬ ಎಂಜೈಮ್ ಚೀಲಗಳಿಂದ ಕೆಥೆಪ್ಸಿನ್ ಎಂಬ ಪ್ರೋಟಿಯೇಸ್‌ಗಳೂ ಹೊರಬರುತ್ತವೆ. ಅವನ್ನು ತಡೆಯಲು ಲ್ಯೂಪೆಪ್ಟಿನ್, ಪೆಪ್‌ಸ್ಟ್ಯಾಟಿನ್ ಬೇಕು. ಲೋಹ ಹಿಡಿದು ಕೆಲಸ ಮಾಡುವ ಪ್ರೋಟಿಯೇಸ್‌ಗಳಿಗೆ ಇಡಿಟಿಎ.

ಮುಂದಿನ ಸಲ ಲಿವರ್ ತೆಗೆದ ಕೂಡಲೇ ತಣ್ಣನೆಯ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರಿನ ಬಫರ್) ರಕ್ತ ತೊಳೆದು, ಸಣ್ಣ ತುಂಡು ಮಾಡಿ, ಲಿಕ್ವಿಡ್ ನೈಟ್ರೋಜನ್‌ಗೆ ಹಾಕಿ. ಇಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಒಂದು ಜೀವ ಕೊಟ್ಟ ಸ್ಯಾಂಪಲ್ ಅದು, ಬೆಂಚಿನ ಮೇಲೆ ಸುಮ್ನೆ ಕೂತು ಕೆಡಬಾರದು. ಪುಡಿ ಮಾಡುವಾಗಲೂ ಕರಗಲು ಬಿಡಬೇಡಿ. ನೈಟ್ರೋಜನ್ ಸುರಿದು ತಣ್ಣಗೆ ಮಾಡಿದ ಖಲ್ಲಿನಲ್ಲಿ ಅರೆದು, ನೇರ ತಣ್ಣನೆಯ ರಿಪಾ ಬಫರ್‌ಗೆ (ಕೋಶ ಒಡೆಯುವ, ಡಿಟರ್ಜೆಂಟ್ ಇರುವ ಬಫರ್) ಸೇರಿಸಿ. 50 ಮಿಲಿಗ್ರಾಂ ಅಂಗಾಂಶಕ್ಕೆ ಅರ್ಧ ಮಿಲಿಲೀಟರ್ ಬಫರ್ ಸಾಕು. ಐಸ್ ಮೇಲೆ ಅರ್ಧ ಗಂಟೆ ಇಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ. ಮೇಲೆ ತೇಲುವ ಕೊಬ್ಬು ಬಿಟ್ಟು ನಡುವಿನ ದ್ರವ ತೆಗೆದುಕೊಳ್ಳಿ. ಪ್ರೋಟೀನ್ ಎಷ್ಟಿದೆ ಎಂದು ಅಳೆಯಲು ಬಿಸಿಎ ವಿಧಾನ ವಾಸಿ. ರಿಪಾದಲ್ಲಿರುವ ಡಿಟರ್ಜೆಂಟ್ ಇನ್ನೊಂದು ವಿಧಾನವಾದ ಬ್ರಾಡ್‌ಫರ್ಡ್ ಅಳತೆಯನ್ನು ಕೆಡಿಸುತ್ತದೆ.

ಅಳೆದ ದಿನವೇ ಒಂದೊಂದು ಬ್ಲಾಟ್‌ಗೆ ಬೇಕಾಗುವಷ್ಟನ್ನೇ ಬೇರೆ ಬೇರೆ ಟ್ಯೂಬ್‌ಗಳಿಗೆ ಹಂಚಿ, ಮೈನಸ್ 80ಕ್ಕೆ ಹಾಕಿ. ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಒಳಗಿಡಬೇಡಿ. ಬರೀ ಬ್ಲಾಟ್‌ಗೆ ಆದರೆ ನನಗೆ ಇಷ್ಟವಾದ ದಾರಿ ಬೇರೆ: ಸ್ವಲ್ಪವನ್ನು ಅಂದೇ ಲೆಮ್ಲಿ ಬಫರ್‌ಗೆ (ಬ್ಲಾಟ್‌ನ ಜೆಲ್‌ಗೆ ಹಾಕುವ ಮುನ್ನ ಪ್ರೋಟೀನ್ ಬಿಡಿಸುವ ಬಫರ್) ಬೆರೆಸಿ 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿಬಿಡಿ. ಪ್ರೋಟಿಯೇಸ್‌ಗಳ ಆಟ ಅಲ್ಲಿಗೆ ಮುಗಿಯುತ್ತದೆ. ಅದು ಮೈನಸ್ 20ರಲ್ಲೇ ಚೆನ್ನಾಗಿರುತ್ತದೆ. ಆದರೆ ಎಂಜೈಮ್ ಚಟುವಟಿಕೆ ಅಳೆಯಲು ಅದು ಬರುವುದಿಲ್ಲ. ಪೊರೆಯಲ್ಲಿರುವ ಕೆಲವು ಪ್ರೋಟೀನ್‌ಗಳು ಅಷ್ಟು ಬಿಸಿಗೆ ಗಂಟುಕಟ್ಟುತ್ತವೆ, ಅವಕ್ಕೆ ಕಡಿಮೆ ಬಿಸಿ ಸಾಕು.

ಈಗಿರುವ ಟ್ಯೂಬ್‌ಗೆ ಪಿಎಂಎಸ್‌ಎಫ್ ಸೇರಿಸಿ ಪ್ರಯೋಜನ ಇಲ್ಲ. ತುಂಡಾದ ಪ್ರೋಟೀನ್ ಮತ್ತೆ ಕೂಡಿಕೊಳ್ಳುವುದಿಲ್ಲ. ಅದೇ ಲಿವರ್‌ನ ತುಂಡು ಮೈನಸ್ 80ರಲ್ಲಿ ಉಳಿದಿದ್ದರೆ ಅಲ್ಲಿಂದ ಹೊಸದಾಗಿ ಶುರು ಮಾಡಿ.