ಗೋವಾ ಬೀಚಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನ ಹುಡುಕುವಾಗ, ಹುಡುಕಿ ಮುಗಿದ ಜಾಗಕ್ಕೆ ಗುರುತು ಹಾಕೋದು ಹೇಗೆ?

ಫೋನಿನ ಜಿಪಿಎಸ್ ಸಾಕಾ, ಇಲ್ಲಾ ವಿಡಿಯೋದಲ್ಲಿ ನೋಡಿದ ಹಾಗೆ ಸೊಂಟಕ್ಕೆ ಸರಪಳಿ ಕಟ್ಟಿ ಎಳೀಬೇಕಾ ಅಂತ ಕೇಳಿದ್ದೀರಿ. ಜಿಪಿಎಸ್ ಸಾಲದು. ಫೋನು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಡಿಟೆಕ್ಟರಿನ ಕಾಯಿಲ್, ಅಂದರೆ ನೆಲದ ಮೇಲೆ ಬೀಸೋ ದುಂಡು ತಟ್ಟೆ, ಸಾಮಾನ್ಯವಾಗಿ ಇರೋದು 11 ಇಂಚು, ಅಂದರೆ 28 ಸೆಂಟಿಮೀಟರ್. ಸ್ಕ್ರೀನ್ ಮೇಲೆ ಗೆರೆ ಚಂದ ಕಾಣುತ್ತದೆ, ಉಂಗುರ ಮಾತ್ರ ಎರಡು ಗೆರೆಗಳ ನಡುವೆ ಹಾಯಾಗಿ ಮಲಗಿರುತ್ತದೆ. ಬೀಚಿನ ಯಾವ ಶ್ಯಾಕ್ (ಗುಡಿಸಲು ಹೋಟೆಲ್) ಎದುರು ಹುಡುಕಿದ್ದೆ ಅಂತ ನೆನಪಿಗೆ ಜಿಪಿಎಸ್ ಇರಲಿ, ಅಷ್ಟೇ.

ಸರಪಳಿ ಉಪಾಯ ಆಸ್ಟ್ರೇಲಿಯಾ ಕಡೆಯದು. ಅಲ್ಲಿ ಮಣ್ಣಲ್ಲೇ ಚಿನ್ನದ ಗಟ್ಟಿ ಸಿಗುತ್ತದೆ. 1980ರಲ್ಲಿ ವಿಕ್ಟೋರಿಯಾದಲ್ಲಿ 27 ಕೆಜಿ ತೂಕದ್ದು ಡಿಟೆಕ್ಟರಿಗೇ ಸಿಕ್ಕಿತ್ತು. ಒಣ ನೆಲದಲ್ಲಿ ಸರಪಳಿಯ ಗೀಚು ತುಂಬಾ ದಿನ ಉಳಿಯುತ್ತದೆ. ನಮ್ಮಲ್ಲಿ ಸಿಗೋದು ಪ್ರವಾಸಿಗರ ಬೆರಳಿಂದ ಜಾರಿದ ಚಿನ್ನ, ಗುರುತು ಉಳಿಯೋದು ಮುಂದಿನ ಉಬ್ಬರದ ತನಕ.

ನಾನಿರೋದು ವಾಸ್ಕೋದಲ್ಲಿ, ಊರು ಹಾವೇರಿ ಕಡೆ. ರಜೆ ಸಿಕ್ಕಾಗ ಕೋಲ್ವಾ, ಮಾಜೋರ್ಡಾ ಕಡೆ ಹೋಗುತ್ತೇನೆ. ಇಳಿತ ಶುರುವಾದಾಗ ಇಳಿಯಿರಿ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಮೊದಲೇ ನೋಡಿಕೊಳ್ಳಿ. ಒದ್ದೆ ಮರಳಲ್ಲಿ ಹಿಮ್ಮಡಿಯಿಂದ ಗೆರೆ ಎಳೆದರೆ ಸಾಕು. ನಾನು ಬೆಲ್ಟಿಗೆ ತೆಂಗಿನ ನಾರಿನ ಹಗ್ಗ ಕಟ್ಟಿ, ತುದಿಗೆ ದಪ್ಪ ಗಂಟು ಹಾಕಿ ಹಿಂದೆ ಎಳೆಯುತ್ತೇನೆ. ಸರಪಳಿಯಾದರೆ ತಿರುಗುವಾಗ ಕಾಯಿಲ್ ಹತ್ತಿರ ಬಂದು ಅದೇ ಕೂಗಿಸುತ್ತದೆ. ಒಣ ಮರಳಲ್ಲಿ ಗೆರೆ ನಿಲ್ಲಲ್ಲ, ನೂರು ಜನರ ಕಾಲಡಿ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಅಲ್ಲಿ ನಾಲ್ಕು ಬಿದಿರು ಕಡ್ಡಿ ನೆಟ್ಟು, ಹಗ್ಗ ಸುತ್ತಿ ಹತ್ತು ಮೀಟರಿನ ಚೌಕ ಮಾಡಿ. ಮೀನುಗಾರರು ಬಲೆ ಎಳೆಯೋ ಜಾಗದಲ್ಲಿ ಕಡ್ಡಿ ನೆಡೋಕೆ ಹೋಗಬೇಡಿ, ಬೈಗುಳ ಗ್ಯಾರಂಟಿ.

ಇನ್ನು ಒಂದು ಸಲಕ್ಕೆ ಹುಡುಕುತ್ತಾ ಹೋಗೋ ಪಟ್ಟಿಯ ಅಗಲ. ಜಾಸ್ತಿ ಜನ ತಪ್ಪೋದು ಇಲ್ಲೇ. ಕೈ ಬೀಸುವಾಗ ಎರಡೂ ತುದಿಯಲ್ಲಿ ಕಾಯಿಲ್ ಗೊತ್ತಿಲ್ಲದಂತೆ ಮೇಲೇಳುತ್ತದೆ. ಅಲ್ಲಿ ಆಳ ಸಿಗಲ್ಲ. ಒಂದೂವರೆ ಮೀಟರ್ ಬೀಸಿದರೆ ಒಂದೇ ಮೀಟರ್ ಹುಡುಕಿದೆ ಅಂತ ಲೆಕ್ಕ ಹಿಡಿಯಿರಿ, ಪಕ್ಕದ ಪಟ್ಟಿ ಅದರ ಮೇಲೆ ಸ್ವಲ್ಪ ಹತ್ತಲಿ. ಮುಂದೆ ಸರಿಯೋದು ಪ್ರತಿ ಸಲ ಅರ್ಧ ಕಾಯಿಲ್ ಅಷ್ಟೇ. ಚೌಕ ಮುಗಿದ ಮೇಲೆ ಅಡ್ಡಡ್ಡ ಇನ್ನೊಮ್ಮೆ ಬನ್ನಿ. ಬೇಜಾರಿನ ಕೆಲಸ, ನಿಜ. ಆದರೆ ಮರಳಲ್ಲಿ ಸೆಟೆದು ನಿಂತ ಉಂಗುರ ಒಂದು ಕಡೆಯಿಂದ ಸುಮ್ನೆ ಗೊಣಗಿದ ಹಾಗೆ ಕೇಳಿಸಿ, ಅಡ್ಡ ಬಂದಾಗ ಸ್ಪಷ್ಟವಾಗಿ ಕೂಗೋದುಂಟು. ತೆಳು ಸರ ಇನ್ನೂ ಕಷ್ಟ. ಕೊಂಡಿ ಕೊಂಡಿ ಬೇರೆ ಇರೋದರಿಂದ ಮಷೀನಿಗೆ ಅದು ಚೂರುಪಾರು. ಕಳೆದಿದ್ದು ಮಂಗಳಸೂತ್ರವಾದರೆ ಕೂಗೋದು ತಾಳಿಯ ಬಟ್ಟಲು, ಸರ ಅಲ್ಲ.

ಅಗೆದ ಗುಂಡಿ ಮುಚ್ಚಿ ಮೇಲೊಂದು ಚಿಪ್ಪು ಇಡಿ. ಆಮೇಲೆ ಅಗೆಯೋಣ ಅಂತ ಬಿಟ್ಟಿದ್ದಕ್ಕೆ ಐಸ್‌ಕ್ರೀಮ್ ಕಡ್ಡಿ ಚುಚ್ಚಿ. ಎರಡಕ್ಕೂ ಒಂದೇ ಗುರುತು ಬೇಡ. ಕ್ಯಾನ್ ತೆರೆಯೋ ಕಿವಿ, ಅಲ್ಯೂಮಿನಿಯಂ ಹಾಳೆ, ಚಿನ್ನ ಮೂರೂ ಮಷೀನಿನ ಪರದೆಯಲ್ಲಿ ಹೆಚ್ಚುಕಡಿಮೆ ಒಂದೇ ನಂಬರ್ ತೋರಿಸುತ್ತವೆ, ಹಾಗಾಗಿ ಕಲಂಗೂಟಿನಂಥ ಜನಜಂಗುಳಿಯ ಬೀಚಿನಲ್ಲಿ ಕಸ ಅಗೆದೇ ಅಗೆಯಬೇಕು.

ಮೋರ್ಜಿಂ, ಆಗೊಂದಾ, ಗಾಲ್ಜಿಬಾಗ್ ಬಿಟ್ಟುಬಿಡಿ, ಅಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ. ಓಲ್ಡ್ ಗೋವಾ ಚರ್ಚುಗಳ ಸುತ್ತ ಮಷೀನು ತೆಗೆಯಲೇಬೇಡಿ. 1878ರ ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದಾದರೆ ಕಲೆಕ್ಟರಿಗೆ ತಿಳಿಸಬೇಕು. ನಿನ್ನೆ ಮೊನ್ನೆ ಬಿದ್ದ ಉಂಗುರ ಕಳಕೊಂಡವರದ್ದು, ಅವರು ಸಿಗದಿದ್ದರೆ ಪೊಲೀಸರಿಗೆ ಕೊಡಿ.

ನಿಮ್ಮ ಮಷೀನು ಯಾವುದು ಅಂತ ಬರೆದಿಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ (ಕಂಪನದಲ್ಲಿ) ಕೆಲಸ ಮಾಡೋದಾದರೆ ಒದ್ದೆ ಮರಳಲ್ಲಿ ಉಪ್ಪಿಗೇ ಕೂಗಿಕೊಳ್ಳುತ್ತದೆ. ಸೆನ್ಸಿಟಿವಿಟಿ ಇಳಿಸಿದರೆ ಸದ್ದು ನಿಲ್ಲುತ್ತದೆ, ಜೊತೆಗೆ ಆಳವೂ ಕಡಿಮೆಯಾಗುತ್ತದೆ. ಆಗ ಗೆರೆ ಎಳೆದ ಜಾಗ ಮೇಲ್ಪದರ ಮಾತ್ರ ಮುಗಿದಿದೆ ಅಂತ ಬರೆದಿಟ್ಟುಕೊಳ್ಳಿ. ಮಳೆಗಾಲ ಕಳೆದ ಮೇಲೆ ಆ ಬರಹವನ್ನೂ ಅಳಿಸಿ, ಕಡಲು ಅಷ್ಟರಲ್ಲಿ ಮರಳನ್ನೆಲ್ಲ ಎತ್ತಿ ಬೇರೆ ಕಡೆ ಹಾಕಿರುತ್ತದೆ.