ಟೆಕ್ಸಾಸ್ ಯುದ್ಧನೌಕೆಯ ಮೇಲೆ ಇಷ್ಟು ಹಣ ಸುರಿಯಬೇಕಿತ್ತೇ?

ನೀವು ಕೇಳಿದ ಪ್ರಶ್ನೆ ಇದು: “ಟೆಕ್ಸಾಸ್ ಎಂಬ ಹಳೆಯ ಯುದ್ಧನೌಕೆಯ ದುರಸ್ತಿಗೆ ಅಮೆರಿಕದ ಟೆಕ್ಸಾಸ್ ರಾಜ್ಯದ ಸರ್ಕಾರ 3.5 ಕೋಟಿ ಡಾಲರ್ ಕೊಟ್ಟಿದೆ. ಮೊದಲ ಮಹಾಯುದ್ಧದಲ್ಲಿ ಅದು ಶತ್ರುವಿನ ಒಂದು ಹಡಗನ್ನೂ ಮುಳುಗಿಸಲಿಲ್ಲವಂತೆ. ಹಾಗಿದ್ದ ಮೇಲೆ ಈ ಖರ್ಚು ಏಕೆ? ಜಪಾನಿನವರು ತಮ್ಮ ಹಳೆಯ ಯುದ್ಧನೌಕೆ ಮಿಕಾಸಾವನ್ನು ಮಾಡಿದಂತೆ ಕಾಂಕ್ರೀಟಿನಲ್ಲಿ ಕೂರಿಸಿಬಿಟ್ಟರೆ ಆಗದೇ?”

ನಾನು ಹ್ಯೂಸ್ಟನ್‌ನಲ್ಲಿ ಹದಿನೈದು ವರ್ಷಗಳಿಂದ ಇದ್ದೇನೆ. ಹುಟ್ಟೂರು ಅಂಕೋಲಾದ ಹತ್ತಿರದ ಕಡಲತಡಿ, ಅಪ್ಪ ಮೀನುಗಾರ. ಈ ಹಡಗನ್ನು ಮೊದಲು ಸರಿಯಾಗಿ ನೋಡಲು ಕಲಿಸಿದವರು ಅವರೇ. 2014ರಲ್ಲಿ ಅವರು ಬಂದಿದ್ದಾಗ ಹ್ಯೂಸ್ಟನ್ ಹತ್ತಿರದ ಸ್ಯಾನ್ ಜಸಿಂಟೊದಲ್ಲಿ ನಿಂತಿದ್ದ ಟೆಕ್ಸಾಸ್ ನೋಡಲು ಕರೆದುಕೊಂಡು ಹೋದೆ. ನಾನು ಫಿರಂಗಿಗಳನ್ನು ತೋರಿಸುತ್ತಿದ್ದರೆ ಅಪ್ಪ ನೀರು ಹಡಗಿಗೆ ತಾಗುವ ಗೆರೆಯನ್ನೇ ನೋಡುತ್ತ ನಿಂತಿದ್ದರು. ಒಳಗಿನ ನೀರನ್ನು ಪಂಪುಗಳು ಹೊರಗೆ ಸುರಿಯುತ್ತಿದ್ದವು. “ಇದನ್ನು ಎಷ್ಟು ವರ್ಷಕ್ಕೊಮ್ಮೆ ಮೇಲೆ ಹಾಕುತ್ತಾರೆ?” ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದೆ. ಆ ಹುಡುಕಾಟ ಇಂದಿಗೂ ನಿಂತಿಲ್ಲ.

ಮೊದಲು ನಿಮ್ಮ ಆಕ್ಷೇಪಣೆಗೆ ಬರುತ್ತೇನೆ. ಅದು ಶತ್ರು ಹಡಗನ್ನು ಮುಳುಗಿಸಲಿಲ್ಲ ಎನ್ನುವುದು ನಿಜ. ಆದರೆ ಅದರ ಮೊದಲ ಐದು ವರ್ಷಗಳನ್ನು ಆ ಒಂದೇ ಅಳತೆಗೋಲಿನಿಂದ ಅಳೆಯುವುದನ್ನು ನಾನು ಒಪ್ಪುವುದಿಲ್ಲ.

ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಕಟ್ಟಿದ ಈ ಹಡಗು 1912ರ ಮೇ 18ರಂದು ನೀರಿಗಿಳಿಯಿತು. 1914ರ ಮಾರ್ಚ್ 12ರಂದು ಸೇವೆಗೆ ಸೇರಿತು. ಉದ್ದ 573 ಅಡಿ. ಐದು ಗೋಪುರಗಳಲ್ಲಿ ಎರಡೆರಡರಂತೆ ಹದಿನಾಲ್ಕು ಅಂಗುಲ ಬಾಯಿಯ ಹತ್ತು ಫಿರಂಗಿಗಳು. ಒಂದೊಂದು ಗುಂಡು 600 ಕಿಲೋಗೂ ಹೆಚ್ಚು ಭಾರ. ಅಮೆರಿಕದ ನೌಕಾಪಡೆಯಲ್ಲಿ ಇಷ್ಟು ದೊಡ್ಡ ಫಿರಂಗಿ ಹೊತ್ತು ಸೇವೆಗೆ ಬಂದ ಮೊದಲ ಹಡಗು ಇದೇ. ಹೊಸ ಹಡಗನ್ನು ಕೆಲವು ತಿಂಗಳು ಕಡಲಲ್ಲಿ ಓಡಿಸಿ, ಸಿಬ್ಬಂದಿಗೆ ಕೈ ಕುದುರಿದ ಮೇಲೆ ಕೆಲಸಕ್ಕೆ ಹಚ್ಚುವುದು ವಾಡಿಕೆ. ಟೆಕ್ಸಾಸ್‌ಗೆ ಆ ಬಿಡುವೂ ಸಿಗಲಿಲ್ಲ. ಮೆಕ್ಸಿಕೊದ ವೆರಾಕ್ರೂಸ್‌ನಲ್ಲಿ ಗಲಭೆ ಎದ್ದಿದ್ದರಿಂದ ಮೇ ತಿಂಗಳಲ್ಲಿ ನೇರವಾಗಿ ಅಲ್ಲಿಗೇ ಓಡಬೇಕಾಯಿತು. ಅದೇ ವರ್ಷ ನವೆಂಬರಿನಲ್ಲಿ ತನ್ನ ಹೆಸರಿನ ರಾಜ್ಯಕ್ಕೆ ಬಂದಾಗ ಗ್ಯಾಲ್ವೆಸ್ಟನ್ ಬಂದರಿನಲ್ಲಿ ರಾಜ್ಯಪಾಲರು ಬೆಳ್ಳಿಯ ಪಾತ್ರೆಗಳ ಉಡುಗೊರೆ ಕೊಟ್ಟು ಸ್ವಾಗತಿಸಿದರು. ಗ್ಯಾಲ್ವೆಸ್ಟನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ನಂತರ 1917. ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಅಟ್ಲಾಂಟಿಕ್ ದಾಟಲು ಸಿದ್ಧವಾಗುತ್ತಿದ್ದ ಟೆಕ್ಸಾಸ್ ಸೆಪ್ಟೆಂಬರ್ 27ರ ರಾತ್ರಿ, ದಡದ ದೀಪಗಳನ್ನು ತಪ್ಪಾಗಿ ಗುರುತಿಸಿದ ಕಾರಣ, ಅಮೆರಿಕದ ಪೂರ್ವ ಕರಾವಳಿಯ ಬ್ಲಾಕ್ ಐಲ್ಯಾಂಡ್ ದ್ವೀಪದ ತೀರಕ್ಕೆ ಹತ್ತಿಬಿಟ್ಟಿತು. ಭಾರ ಇಳಿಸಿ ಹಗುರ ಮಾಡಿ, ಎಳೆಹಡಗುಗಳಿಂದ ಬಿಡಿಸಿಕೊಳ್ಳಲು ಮೂರು ದಿನ ಹಿಡಿಯಿತು. ದುರಸ್ತಿ ಮುಗಿಯುವಷ್ಟರಲ್ಲಿ ಜೊತೆಯ ಹಡಗುಗಳು ಬ್ರಿಟನ್ ಸೇರಿಯಾಗಿತ್ತು. ಟೆಕ್ಸಾಸ್ ಹೋಗಿ ಸೇರಿದ್ದು 1918ರ ಫೆಬ್ರವರಿಯಲ್ಲಿ. ಬ್ರಿಟನ್ನಿನಲ್ಲಿ ಆಗ ಎಣ್ಣೆಗೆ ಬರ ಇತ್ತು, ಕಲ್ಲಿದ್ದಲಿಗೆ ಇರಲಿಲ್ಲ. ಅದಕ್ಕಾಗಿಯೇ ಎಣ್ಣೆ ಉರಿಸುವ ಹೊಸ ಹಡಗುಗಳನ್ನು ಬಿಟ್ಟು, ಕಲ್ಲಿದ್ದಲು ಉರಿಸುವ ಟೆಕ್ಸಾಸ್‌ನಂಥವನ್ನು ಅಲ್ಲಿಗೆ ಕಳಿಸಿದ್ದರು. ಉತ್ತರ ಸಮುದ್ರದ ಚಳಿಯಲ್ಲಿ ಕಾವಲು, ಬೆಂಗಾವಲು, ಮತ್ತೆ ಕಾವಲು. 1918ರ ನವೆಂಬರ್ 21ರಂದು ಜರ್ಮನಿಯ ನೌಕಾಪಡೆ ಶರಣಾಗಲು ಸಾಲಾಗಿ ಬಂದಾಗ ಅದನ್ನು ಎದುರುಗೊಂಡ ಹಡಗುಗಳಲ್ಲಿ ಇದೂ ಇತ್ತು. ಗುಂಡು ಹಾರಿಸದೆ ಕಾದು ನಿಂತವರ ಕೆಲಸವನ್ನು ನಾವು ಕೆಲಸವೆಂದು ಎಣಿಸುವುದೇ ಇಲ್ಲ. ಬ್ರಿಟನ್ ಮತ್ತು ಅಮೆರಿಕದ ಹಡಗುಗಳ ಆ ದೊಡ್ಡ ದಳ ಅಲ್ಲಿ ನಿಂತಿದ್ದರಿಂದಲೇ ಜರ್ಮನಿಯ ಹಡಗುಗಳು ಬಂದರು ಬಿಟ್ಟು ಹೊರಬರಲು ಹಿಂಜರಿದವು.

1919ರ ಮಾರ್ಚ್‌ನಲ್ಲಿ ಕ್ಯೂಬಾದ ಗುವಾಂಟಾನಮೊದಲ್ಲಿ ಇದರ ಫಿರಂಗಿ ಗೋಪುರದ ಮೇಲೆ ಹಲಗೆ ಹಾಸಿ, ಅದರ ಮೇಲಿನಿಂದ ಒಂದು ಸಾಪ್‌ವಿತ್ ಕ್ಯಾಮಲ್ ವಿಮಾನ ಹಾರಿಸಿದರು. ಅಮೆರಿಕದ ಬ್ಯಾಟಲ್‌ಶಿಪ್ ಒಂದರಿಂದ, ಅಂದರೆ ಭಾರೀ ಫಿರಂಗಿಗಳ ಇಂಥ ದೊಡ್ಡ ಯುದ್ಧನೌಕೆಯಿಂದ, ವಿಮಾನ ಎದ್ದದ್ದು ಅದೇ ಮೊದಲು. ಮುಂದೆ ವಿಮಾನಗಳೇ ಇಂಥ ಹಡಗುಗಳ ಕಾಲವನ್ನು ಮುಗಿಸಿದವು.

ಎರಡನೇ ಮಹಾಯುದ್ಧದ ಕಥೆ ಎಲ್ಲ ಕಡೆ ಸಿಗುತ್ತದೆ, ಹೆಚ್ಚು ಬರೆಯುವುದಿಲ್ಲ. 1944ರ ಜೂನ್‌ನಲ್ಲಿ ನಾರ್ಮಂಡಿಯ ತೀರದಲ್ಲಿ ಗುರಿ ದೂರವಾದಾಗ ಒಂದು ಬದಿಯ ಹೊಟ್ಟೆಗೆ ಬೇಕೆಂದೇ ನೀರು ತುಂಬಿಸಿ, ಹಡಗನ್ನು ವಾಲಿಸಿ, ಫಿರಂಗಿಯ ಮೂತಿಯನ್ನು ಇನ್ನಷ್ಟು ಮೇಲೆತ್ತಿದರು. ಫ್ರಾನ್ಸಿನ ಶೆರ್ಬೂರ್ಗ್ ಬಂದರಿನ ಎದುರು ಜೂನ್ 25ರಂದು ಶತ್ರುವಿನ ಗುಂಡಿಗೆ ಚುಕ್ಕಾಣಿ ಹಿಡಿದಿದ್ದ ನಾವಿಕ ಸತ್ತ. ಇಡೀ ಸೇವೆಯಲ್ಲಿ ಶತ್ರುವಿನ ಕೈಯಿಂದ ಈ ಹಡಗಿನ ಮೇಲೆ ಸತ್ತವನು ಅವನೊಬ್ಬನೇ.

ಈಗ ಅಪ್ಪನ ಪ್ರಶ್ನೆ. 1948ರ ಏಪ್ರಿಲ್ 21ರಂದು ಟೆಕ್ಸಾಸ್ ಸ್ಯಾನ್ ಜಸಿಂಟೊದಲ್ಲಿ ವಸ್ತುಸಂಗ್ರಹಾಲಯವಾಯಿತು. ಅಮೆರಿಕದಲ್ಲಿ ಹೀಗೆ ಶಾಶ್ವತವಾಗಿ ಉಳಿಸಿಕೊಂಡ ಮೊದಲ ಬ್ಯಾಟಲ್‌ಶಿಪ್ ಇದು. ಅಂದಿನಿಂದ 1988ರವರೆಗೆ, ನಲವತ್ತು ವರ್ಷ, ಅದನ್ನು ಒಮ್ಮೆಯೂ ನೀರಿನಿಂದ ಮೇಲೆ ತೆಗೆಯಲಿಲ್ಲ. ಆಗ ದುರಸ್ತಿಗೆ ಹೋಗಿ 1990ರಲ್ಲಿ ಮರಳಿ ಬಂದ ಮೇಲೆ ಮತ್ತೆ 32 ವರ್ಷ ಹಾಗೆಯೇ ನಿಂತಿತು. ಉಪ್ಪುಮಿಶ್ರಿತ ನೀರು, ತೆಳುವಾಗುತ್ತ ಹೋದ ಉಕ್ಕು. ನಮ್ಮೂರಿನಲ್ಲಿ ಮಳೆಗಾಲಕ್ಕೆ ಮೊದಲು ದೋಣಿಯನ್ನು ದಡಕ್ಕೆಳೆದು, ಕೆರೆದು, ಗೇರೆಣ್ಣೆ ಬಳಿದು, ತೆಂಗಿನ ಮಡಲಿನ ಮರೆ ಕಟ್ಟುತ್ತಾರೆ. ಒಂದು ವರ್ಷ ತಪ್ಪಿಸಿದರೆ ಮುಂದಿನ ವರ್ಷ ಹಲಗೆ ಬದಲಿಸಬೇಕು. ನಲವತ್ತು ವರ್ಷ ಎಂದು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ನೀವು ಕೇಳಿದ 3.5 ಕೋಟಿ ಡಾಲರನ್ನು ಹೀಗೆ ನೋಡಿ: ವರ್ಷವರ್ಷವೂ ಮಾಡದೆ ಬಿಟ್ಟ ಕೆಲಸದ ಬಾಕಿ ಒಟ್ಟಿಗೆ ಬಂದು ನಿಂತದ್ದು ಅದು. 2022ರ ಆಗಸ್ಟ್ 31ರಂದು ಹಡಗನ್ನು ಗ್ಯಾಲ್ವೆಸ್ಟನ್‌ಗೆ ಎಳೆದು ತಂದರು. ದುರಸ್ತಿಗೆ ಹಡಗನ್ನು ನೀರಿನಿಂದ ಮೇಲೆ ನಿಲ್ಲಿಸುವ ಡ್ರೈ ಡಾಕ್‌ನಲ್ಲಿದ್ದಾಗ ಜನರಿಗೂ ಪ್ರವೇಶ ಕೊಟ್ಟಿದ್ದರು. ತಲೆಗೆ ಹೆಲ್ಮೆಟ್ ಹಾಕಿಕೊಂಡು ಅದರ ಹೊಟ್ಟೆಯಡಿ ನಿಂತು ಬಂದೆ. ಕೆಲವು ಕಡೆ ತಗಡನ್ನು ಕತ್ತರಿಸಿ ತೆಗೆದಿದ್ದರು, ಒಳಗಿನ ಅಸ್ಥಿಪಂಜರ ಕಾಣುತ್ತಿತ್ತು. ಸುಮಾರು 700 ಟನ್ ಉಕ್ಕು ಬದಲಾಯಿತು. 2024ರ ಮಾರ್ಚ್ 5ರಂದು ಮತ್ತೆ ತೇಲಿತು.

ಕಾಂಕ್ರೀಟ್ ವಿಷಯ. 1968ರಲ್ಲಿ ಟೆಕ್ಸಾಸ್‌ನ ಮೇಲಟ್ಟದ ಮರ ಕೊಳೆತಾಗ ಅದನ್ನು ಕಿತ್ತು ಕಾಂಕ್ರೀಟನ್ನೇ ಹಾಕಿದ್ದರು. ಕಾಂಕ್ರೀಟ್ ಬಿರಿಯಿತು, ಮಳೆನೀರು ಬಿರುಕಿನಿಂದ ಒಳಗಿಳಿಯಿತು, ಒಳಗಿನ ಕೋಣೆಗಳು ತುಕ್ಕು ಹಿಡಿದವು. ಮುಂದಿನ ದುರಸ್ತಿಯಲ್ಲಿ ಅದನ್ನೆಲ್ಲ ಒಡೆದು ಮತ್ತೆ ಮರವನ್ನೇ ಹಾಸಬೇಕಾಯಿತು. ಮಿಕಾಸಾದ ಸಂಗತಿ ಬೇರೆ. ದೊಡ್ಡ ದೇಶಗಳ ನೌಕಾಪಡೆಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಅದು ಇನ್ನೆಂದೂ ಕಡಲಿಗೆ ಇಳಿಯಬಾರದಿತ್ತು, ಹಾಗಾಗಿ 1926ರಲ್ಲಿ ಯೊಕೊಸುಕಾದಲ್ಲಿ ಕಾಂಕ್ರೀಟಿನಲ್ಲಿ ಕೂರಿಸಿದರು. ಎರಡನೇ ಯುದ್ಧದ ನಂತರ ಅದರ ಫಿರಂಗಿಗಳೂ ಮೇಲಿನ ಕಟ್ಟಡವೂ ಹೋದವು. 1961ರಲ್ಲಿ ಮತ್ತೆ ತೆರೆದಾಗ ಬಹಳಷ್ಟನ್ನು ಹೊಸದಾಗಿ ಮಾಡಿ ಜೋಡಿಸಿದ್ದರು. ಅದನ್ನು ಉಳಿಸಿದವರ ಮೇಲೆ ನನಗೆ ಗೌರವವಿದೆ. ಆದರೆ ಟೆಕ್ಸಾಸ್‌ನಲ್ಲಿ ಉಳಿದಿರುವುದು ಅದರ ಹೊಟ್ಟೆಯೊಳಗಿದೆ.

ಉಗಿಯಿಂದ ಚಕ್ರ ತಿರುಗಿಸುವ ಟರ್ಬೈನ್ ಬಂದಿದ್ದ ಕಾಲದಲ್ಲೂ, ದೂರದ ಪ್ರಯಾಣದಲ್ಲಿ ಕಲ್ಲಿದ್ದಲು ಕಡಿಮೆ ತಿನ್ನುತ್ತದೆ ಎಂದು ಇದಕ್ಕೆ ಹಳೆಯ ಬಗೆಯ ಉಗಿ ಎಂಜಿನ್‌ಗಳನ್ನೇ ಕೂರಿಸಿದರು. ಒಂದೇ ಉಗಿ ಚಿಕ್ಕ ಸಿಲಿಂಡರಿನಿಂದ ದೊಡ್ಡದಕ್ಕೆ, ಅಲ್ಲಿಂದ ಇನ್ನೂ ದೊಡ್ಡದಕ್ಕೆ ಹೋಗುತ್ತ ಮೂರು ಸಲ ದುಡಿಯುತ್ತದೆ. ಅಂಥ ಎರಡು ಎಂಜಿನ್‌ಗಳು, ಮನೆಯಷ್ಟು ಎತ್ತರ, ಇಂದಿಗೂ ಇದ್ದ ಜಾಗದಲ್ಲೇ ಇವೆ. ಎರಡೂ ಮಹಾಯುದ್ಧಗಳಲ್ಲಿ ದುಡಿದು ಇಂದಿಗೂ ಉಳಿದಿರುವ ಬ್ಯಾಟಲ್‌ಶಿಪ್ ಜಗತ್ತಿನಲ್ಲಿ ಇದೊಂದೇ. ಹೊರಮೈಯನ್ನು ಕಾಂಕ್ರೀಟಿನಲ್ಲಿ ಹುಗಿದರೆ ಒಳಗಿನಿಂದ ತಿನ್ನುವ ತುಕ್ಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಅನ್ನು ದಡದ ಮೇಲೆ ಕೂರಿಸಿ 2006ರಿಂದ ಸಂಗ್ರಹಾಲಯ ಮಾಡಿದ್ದಾರೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಅದು ಚಿಕ್ಕ ಕ್ಷಿಪಣಿ ದೋಣಿ, ಕೆಳಗಿನಿಂದ ನೀರಿನ ಕಾಟವಿಲ್ಲ. ಉಪ್ಪುಗಾಳಿ ಮಾತ್ರ ಅದನ್ನೂ ಬಿಡುವುದಿಲ್ಲ. ಬಣ್ಣ, ಬೆಸುಗೆ, ಕಾವಲು ಅಲ್ಲೂ ಪ್ರತಿ ವರ್ಷ ಬೇಕು.

ನೀವು ಈ ಕಡೆ ಬಂದಾಗ ಹಡಗು ಜನರಿಗೆ ತೆರೆದಿದ್ದರೆ, ಟೆಕ್ಸಾಸ್‌ನ ಫಿರಂಗಿಗಳ ಕೆಳಗೆ ಫೋಟೋ ತೆಗೆಸಿಕೊಂಡ ಮೇಲೆ, ಎಂಜಿನ್ ಕೋಣೆಗೆ ಇಳಿಯಲು ಅವಕಾಶವಿದೆಯೇ ಎಂದು ಅಲ್ಲಿನ ಸ್ವಯಂಸೇವಕರನ್ನು ಕೇಳಿ. ಇದ್ದರೆ ಖಂಡಿತ ಇಳಿಯಿರಿ. ಮೆಟ್ಟಿಲು ಕಡಿದಾಗಿದೆ, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಳ್ಳಿ.