ಬರೀ ತಲೆಬುರುಡೆ ನೋಡಿ ಸತ್ತವರ ಮುಖ ಮಾಡಲು ನಿಜವಾಗಿ ಆಗುತ್ತಾ?

ನೀವು ಓದಿದ ಸಸ್ಪೆನ್ಸ್ ಕಾದಂಬರಿಯಲ್ಲಿ ಫೊರೆನ್ಸಿಕ್ ಕಲಾವಿದೆ ಬುರುಡೆ ಮುಂದಿಟ್ಟುಕೊಂಡು ಒಂದೇ ರಾತ್ರಿಯಲ್ಲಿ ಕೊಲೆಯಾದವಳ ಮುಖವನ್ನು ಫೋಟೋ ತೆಗೆದ ಹಾಗೆ ಮಾಡಿಬಿಡುತ್ತಾಳೆ, ಇದು ನಂಬುವ ಮಾತಾ ಅಂತ ಕೇಳಿದ್ದೀರಿ. ಮುಖ ಮಾಡಬಹುದು. ಫೋಟೋ ಥರ ಬರುವುದಿಲ್ಲ. ನಾನು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವವಳು, ಮುಖಗಳ ಹುಚ್ಚು ಮೊದಲಿನಿಂದಲೂ ಇದೆ. ಹಾಗಾಗಿ ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಬುರುಡೆಯ ಮೇಲೆ ಹಣೆ, ಕೆನ್ನೆ, ಗದ್ದ ಹೀಗೆ ಗೊತ್ತಾದ ಜಾಗಗಳಲ್ಲಿ ಸಣ್ಣ ರಬ್ಬರ್ ತುಂಡು ಅಂಟಿಸುತ್ತಾರೆ. ಅಲ್ಲಿ ಚರ್ಮ ಮಾಂಸ ಸೇರಿ ಸಾಮಾನ್ಯವಾಗಿ ಎಷ್ಟು ದಪ್ಪ ಇರುತ್ತದೋ ತುಂಡಿನ ಉದ್ದ ಅಷ್ಟು. ಆಮೇಲೆ ಆ ಮಟ್ಟಕ್ಕೆ ಜೇಡಿಮಣ್ಣು ತುಂಬುತ್ತಾ ಬರುತ್ತಾರೆ. ಇದು ಹೊಸದೇನಲ್ಲ, 1895ರಲ್ಲೇ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ಹಿಸ್ ಅನ್ನುವ ಶರೀರಶಾಸ್ತ್ರಜ್ಞರು ಹೆಣಗಳ ಮುಖಕ್ಕೆ ಸೂಜಿ ಚುಚ್ಚಿ ದಪ್ಪ ಅಳೆದಿದ್ದರು, ಆ ಅಳತೆ ಹಿಡಿದು ಶಿಲ್ಪಿಯೊಬ್ಬರು ಸಂಗೀತಗಾರ ಬಾಖ್ ಅವರದ್ದು ಅಂತ ನಂಬಿದ್ದ ಬುರುಡೆಗೆ ಮುಖ ಕೊಟ್ಟರು.

ಆದರೆ ಮೂಳೆ ಎಲ್ಲವನ್ನೂ ಹೇಳುವುದಿಲ್ಲ. ಮುಖದ ಅಗಲ, ದವಡೆ, ಹಲ್ಲು, ಕಣ್ಣುಗಳ ಅಂತರ ತಿಳಿಯುತ್ತದೆ. ಮೂಗಿನ ತುದಿ, ತುಟಿ, ಕಿವಿ ಬಹುಪಾಲು ಅಂದಾಜು. ದಪ್ಪಗಿದ್ದಳಾ, ಕೂದಲು ಹೇಗೆ ಬಾಚುತ್ತಿದ್ದಳು? ಗೊತ್ತಾಗುವುದೇ ಇಲ್ಲ. ನಾವು ಜನರನ್ನು ಗುರುತು ಹಿಡಿಯುವುದು ಜಾಸ್ತಿ ಇವುಗಳಿಂದಲೇ ಅಲ್ವಾ? ನಮ್ಮ ಮಕ್ಕಳಿಗೆ ನಿಮ್ಮ ತಾತನ ಮುಖ ನೆನಪಿನಿಂದ ಬರೀರಿ ಅಂದರೆ ಮೂಗು ತಪ್ಪುತ್ತದೆ, ಕನ್ನಡಕ ಮಾತ್ರ ತಪ್ಪುವುದಿಲ್ಲ.

ಕನ್ನಡಕ ಅಂದಾಗ ಜಾನ್ ಲಿಸ್ಟ್ ಕೇಸ್ ಹೇಳಲೇಬೇಕು. ಅಲ್ಲಿ ಬುರುಡೆ ಇರಲಿಲ್ಲ, ಹಳೆಯ ಫೋಟೋ ಇತ್ತು. 1971ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಈತ ತಾಯಿ, ಹೆಂಡತಿ, ಮೂರು ಮಕ್ಕಳನ್ನು ಕೊಂದು ಮಾಯವಾದ. 1989ರಲ್ಲಿ ಟಿವಿ ಕಾರ್ಯಕ್ರಮವೊಂದಕ್ಕಾಗಿ ಫ್ರ್ಯಾಂಕ್ ಬೆಂಡರ್ ಅನ್ನುವ ಕಲಾವಿದ, ಹದಿನೆಂಟು ವರ್ಷ ಕಳೆದ ಮೇಲೆ ಈತ ಹೇಗಿರಬಹುದು ಅಂತ ಮೂರ್ತಿ ಮಾಡಿದರು. ಕೆನ್ನೆ ಜೋತುಬಿದ್ದಿರಬಹುದು, ಸರಿ. ಕನ್ನಡಕ ಯಾವುದು? ಅವನ ಸ್ವಭಾವ ಯೋಚಿಸಿ, ದೊಡ್ಡ ಮನುಷ್ಯನ ಹಾಗೆ ಕಾಣಲು ದಪ್ಪ ಫ್ರೇಮ್ ಹಾಕುತ್ತಾನೆ ಅಂತ ತೀರ್ಮಾನ ಮಾಡಿದರು. ಹಳೆಯ ನೆರೆಯವರೊಬ್ಬರು ಟಿವಿ ನೋಡಿ ಗುರುತು ಹಿಡಿದರು. ಹನ್ನೊಂದು ದಿನದಲ್ಲಿ ಆತ ವರ್ಜೀನಿಯಾದಲ್ಲಿ ಸಿಕ್ಕಿಬಿದ್ದ, ಮುಖದ ಮೇಲೆ ಹೆಚ್ಚುಕಡಿಮೆ ಅಂಥದ್ದೇ ಕನ್ನಡಕ.

ಅದಕ್ಕೇ ನಿಮ್ಮ ಕಾದಂಬರಿಯ ಆ ದೃಶ್ಯ ನನಗೆ ಸಪ್ಪೆ ಅನಿಸುತ್ತದೆ. ಮೂಳೆ ಹೇಳದ ಜಾಗಕ್ಕೆ ಬಂದಾಗ ಆ ಕಲಾವಿದೆ ಕೈ ನಿಲ್ಲಬೇಕಿತ್ತು. ಕೂದಲು ತಪ್ಪಾಗಿ ಇಟ್ಟರೆ ಹೆತ್ತ ತಾಯಿಯೇ ಮಗಳ ಮುಖದ ಮುಂದೆ ಸುಮ್ನೆ ಹಾದುಹೋಗಬಹುದು. ಸಸ್ಪೆನ್ಸ್ ಇರುವುದು ಅಲ್ಲಿ.

ಇನ್ನೊಂದು ವಿಷಯ, ಈ ಮುಖ ಕೇಸಿಗೆ ಸಾಕ್ಷಿಯಾಗುವುದಿಲ್ಲ. ಯಾರಾದರೂ "ಇವರನ್ನು ನೋಡಿದ ಹಾಗಿದೆ" ಅನ್ನುವವರೆಗೆ ಮಾತ್ರ ಇದರ ಕೆಲಸ. ಆಮೇಲೆ ಡಿಎನ್‌ಎ, ಹಲ್ಲು, ಬೆರಳಚ್ಚು ನೋಡಿಯೇ ಖಚಿತ ಮಾಡುತ್ತಾರೆ. ಜಾನ್ ಲಿಸ್ಟ್ ಸಿಕ್ಕಿಬಿದ್ದ ಮೇಲೂ ತಿಂಗಳುಗಟ್ಟಲೆ ನಾನವನಲ್ಲ, ನನ್ನ ಹೆಸರು ರಾಬರ್ಟ್ ಕ್ಲಾರ್ಕ್ ಅಂತಲೇ ಹೇಳುತ್ತಿದ್ದ. ಅವನ ಮಾತು ಸುಳ್ಳು ಅಂತ ತೋರಿಸಿದ್ದು ಬೆರಳಚ್ಚು.